ಕಾಂಡ್ಲಾ ಕೆಸರಿನಿಂದ ಜಲ್ಲಿಯ ಹಾಸಿನವರೆಗೆ: ಜೌಗು ಮತ್ತು ಕೊಳಚೆ ನೀರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜೌಗು ಪ್ರದೇಶ ಅಂದರೆ ಯಾವುದೆಲ್ಲ?

ನಾವು ಅಂದುಕೊಂಡಿರುವುದಕ್ಕಿಂತ ಹೆಚ್ಚು. 1971ರ ಫೆಬ್ರವರಿ 2ರಂದು ಇರಾನಿನ ರಾಮ್ಸರ್‌ನಲ್ಲಿ ಸಹಿಯಾದ ಒಪ್ಪಂದದ ಪ್ರಕಾರ ಕೆರೆ, ಕೆಸರುಗದ್ದೆ, ಅಳಿವೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಉಪ್ಪುಜೌಗು ಎಲ್ಲವೂ ಸೇರುತ್ತವೆ. ಇಳಿತದ ಹೊತ್ತಿನಲ್ಲಿ ಆರು ಮೀಟರಿಗಿಂತ ಆಳವಿಲ್ಲದ ಕಡಲೂ ಸೇರುತ್ತದೆ. ಮನುಷ್ಯ ಕಟ್ಟಿದ್ದನ್ನೂ ಒಪ್ಪಂದ ಹೊರಗಿಟ್ಟಿಲ್ಲ. ಇಲ್ಲಿ ಮಾತು ಎರಡರ ಬಗ್ಗೆ: ಉಬ್ಬರ ಇಳಿತ ತಾಗುವ ಕರಾವಳಿಯ ಜೌಗು, ಮತ್ತು ಕೊಳಚೆ ನೀರನ್ನು ತಿಳಿಯಾಗಿಸಲೆಂದೇ ಕಟ್ಟಿದ ಜೌಗು. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಅರ್ಧ ಎಡವಟ್ಟುಗಳು ಆಗುತ್ತವೆ.

ನೀರು ಶುದ್ಧವಾಗುವುದು ಹೇಗೆ? ಗಿಡಗಳು ಕೊಳೆಯನ್ನು ಹೀರಿಕೊಳ್ಳುತ್ತವೆಯೇ?

ಸ್ವಲ್ಪ ಮಟ್ಟಿಗೆ ಮಾತ್ರ. ಹೆಸರು ಗಿಡದ್ದು, ದುಡಿಮೆ ಬ್ಯಾಕ್ಟೀರಿಯಾದ್ದು. ಕೊಳಚೆ ನೀರು ಜೌಗಿಗೆ ಬಂದ ಕೂಡಲೇ ಅದರ ಓಟ ನಿಲ್ಲುತ್ತದೆ. ಓಟ ನಿಂತರೆ ಗಷ್ಟು ತಳಕ್ಕೆ ಕೂರುತ್ತದೆ. ಕಾಂಡ, ಬೇರು, ಜಲ್ಲಿ, ಉದುರಿದ ಎಲೆ, ಎಲ್ಲದರ ಮೇಲೂ ತೆಳ್ಳನೆಯ ಲೋಳೆ ಬೆಳೆದಿರುತ್ತದೆ. ಒಂದು ಜಲ್ಲಿಕಲ್ಲನ್ನು ಎತ್ತಿ ಬೆರಳಿನಿಂದ ಉಜ್ಜಿ ನೋಡಿದರೆ ಜಾರುತ್ತದಲ್ಲ, ಅದೇ. ಆ ಲೋಳೆಯಲ್ಲಿರುವ ಸೂಕ್ಷ್ಮಜೀವಿಗಳೇ ನೀರಿನಲ್ಲಿ ಕರಗಿದ ಕೊಳೆಯನ್ನು ತಿಂದು ಮುಗಿಸುವುದು.

ಹಾಗಾದರೆ ಗಿಡ ಏತಕ್ಕೆ? ಲೋಳೆಗೆ ನೆಲೆ ಕೊಡುವುದಕ್ಕೆ, ನೆರಳು ಮಾಡಿ ಪಾಚಿಯನ್ನು ತಡೆಯುವುದಕ್ಕೆ, ಹಾಸು, ಅಂದರೆ ಕಟ್ಟಿದ ಜೌಗಿನಲ್ಲಿ ಗಿಡ ನೆಟ್ಟ ಜಲ್ಲಿಯ ಪದರ, ಪೂರ್ತಿ ಕಟ್ಟಿಹೋಗದಂತೆ ಬೇರಿನಿಂದ ಸಡಿಲಿಸುವುದಕ್ಕೆ. ಜೊಂಡಿನ ಕಾಂಡ ಒಳಗೆ ಟೊಳ್ಳು. ಆ ಟೊಳ್ಳಿನ ಮೂಲಕ ಗಾಳಿ ಬೇರಿನ ತುದಿಗೆ ಇಳಿಯುತ್ತದೆ, ಅಲ್ಲಿಂದ ಚೂರು ಆಮ್ಲಜನಕ ಹೊರಗೂ ಸೋರುತ್ತದೆ. ಕಾಂಡ್ಲಾ ಕೆಸರಿನಿಂದ ಎಳೆಯ ಬೇರೊಂದನ್ನು ಕಿತ್ತು ತೊಳೆದು ನೋಡಿ. ಸುತ್ತಲ ಕೆಸರು ಇದ್ದಿಲಿನಷ್ಟು ಕಪ್ಪಾಗಿದ್ದರೂ ಬೇರಿನ ಮೈಮೇಲೆ ತುಕ್ಕಿನ ಬಣ್ಣದ ಪದರವೊಂದು ಕಾಣಬಹುದು. ಸೋರಿದ ಆಮ್ಲಜನಕ ಕೆಸರಿನ ಕಬ್ಬಿಣಕ್ಕೆ ತಾಗಿ ಆದ ತುಕ್ಕೇ ಅದು. ಒಂದು ಕೂದಲೆಳೆಯ ಅಂತರದಲ್ಲಿ ಉಸಿರಾಡುವ ಲೋಕ ಮತ್ತು ಉಸಿರಿಲ್ಲದ ಲೋಕ ಅಕ್ಕಪಕ್ಕ ಕುಳಿತಿರುತ್ತವೆ. ಜೌಗಿನ ರಸಾಯನಶಾಸ್ತ್ರ ಬಹುಪಾಲು ನಡೆಯುವುದು ಆ ಗಡಿಯಲ್ಲೇ.

ಸಾರಜನಕ ಎಲ್ಲಿಗೆ ಹೋಗುತ್ತದೆ?

ಗಾಳಿಗೆ. ಆದರೆ ಎರಡು ಮೆಟ್ಟಿಲು ಇಳಿದ ಮೇಲೆ. ಮನೆಯ ಕೊಳಚೆಯಲ್ಲಿ ಸಾರಜನಕ ಹೆಚ್ಚಾಗಿ ಅಮೋನಿಯಂ ರೂಪದಲ್ಲಿರುತ್ತದೆ. ಮೊದಲ ಮೆಟ್ಟಿಲಲ್ಲಿ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತದೆ. ಇದಕ್ಕೆ ಪ್ರತಿ ಗ್ರಾಂ ಅಮೋನಿಯಂ ಸಾರಜನಕಕ್ಕೆ ಸುಮಾರು 4.6 ಗ್ರಾಂ ಆಮ್ಲಜನಕ ಬೇಕು. ಇದು ಸಣ್ಣ ಬೇಡಿಕೆಯಲ್ಲ, ನೆನೆದು ನಿಂತ ಹಾಸಿನಲ್ಲಿ ಅಷ್ಟು ಗಾಳಿ ಸಿಗುವುದಿಲ್ಲ. ಎರಡನೇ ಮೆಟ್ಟಿಲಲ್ಲಿ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿ ಮೇಲಕ್ಕೆ ಬಿಡುತ್ತವೆ. ಅವುಗಳ ಬೇಡಿಕೆ ತಿರುವುಮುರುವು: ಆಮ್ಲಜನಕ ಇರಬಾರದು, ತಿನ್ನಲು ಇಂಗಾಲ ಇರಬೇಕು.

ಒಂದೇ ಹಾಸಿನಲ್ಲಿ ಎರಡೂ ಚೆನ್ನಾಗಿ ಆಗುವುದು ಕಷ್ಟ. ಸಾರಜನಕ ನಿಜಕ್ಕೂ ಇಳಿಯಬೇಕಿದ್ದರೆ ಎರಡು ಬಗೆಯ ಹಾಸುಗಳನ್ನು ಒಂದರ ಹಿಂದೊಂದು ಕಟ್ಟುವುದು ಇದೇ ಕಾರಣಕ್ಕೆ.

ರಂಜಕ?

ಅದು ಗಾಳಿಗೆ ಹಾರುವ ಪೈಕಿಯಲ್ಲ. ಜಲ್ಲಿಗೆ, ಮಣ್ಣಿನ ಕಬ್ಬಿಣಕ್ಕೆ, ಅಲ್ಯೂಮಿನಿಯಂಗೆ, ಸುಣ್ಣಕ್ಕೆ ಅಂಟಿಕೊಳ್ಳುತ್ತದೆ. ಅಂಟಲು ಜಾಗ ಮುಗಿದ ದಿನ ಬಂದದ್ದು ಬಂದ ಹಾಗೆ ಹೊರಟುಹೋಗುತ್ತದೆ. ಹೊಸ ಹಾಸಿನ ಮೊದಲ ವರ್ಷದ ಫಲಿತಾಂಶ ತೋರಿಸಿ ಬೀಗುವವರನ್ನು ಕಂಡರೆ ಐದನೇ ವರ್ಷದ್ದು ಕೇಳಿ.

ನಮ್ಮ ಅಳಿವೆಯಲ್ಲಿ ದಟ್ಟ ಕಾಂಡ್ಲಾ ಕಾಡಿದೆ. ಚರಂಡಿ ನೀರನ್ನು ಅಲ್ಲಿಗೇ ಬಿಟ್ಟರೆ ಅದೇ ಶುದ್ಧ ಮಾಡುವುದಿಲ್ಲವೇ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಜೌಗನ್ನು ಭೂಮಿಯ ಮೂತ್ರಪಿಂಡ ಎಂದು ಕರೆದು ಕರೆದು ನಾವೇ ಈ ತಪ್ಪು ತಿಳಿವಳಿಕೆಯನ್ನು ಬೆಳೆಸಿದ್ದೇವೆ. ಮೂತ್ರಪಿಂಡವೂ ಕೈಕೊಡುತ್ತದೆ ಎಂಬುದನ್ನು ಮಾತ್ರ ಯಾರೂ ಸೇರಿಸಿ ಹೇಳುವುದಿಲ್ಲ.

ಕರಾವಳಿಯ ಜೌಗು ನೀರನ್ನು ಶೋಧಿಸುವುದು ನಿಜ, ಆದರೆ ತನಗೆ ತಾಳುವಷ್ಟು. ತಾಳದಷ್ಟು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಮ್ಯಾಸಚೂಸೆಟ್ಸ್‌ನ ಪ್ಲಮ್ ಐಲ್ಯಾಂಡ್ ಅಳಿವೆಯಲ್ಲಿ ನಡೆದ ಪ್ರಯೋಗ ಕಣ್ಣು ತೆರೆಸುವಂಥದ್ದು. ಅಲ್ಲಿನ ಉಪ್ಪುಜೌಗಿನ ಕೆಲವು ಕಾಲುವೆಗಳಿಗೆ ಉಬ್ಬರದ ನೀರಿನ ಜೊತೆ ನೈಟ್ರೇಟ್ ಸೇರಿಸುತ್ತ ಒಂಬತ್ತು ವರ್ಷ ನೋಡಿದರು. ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಹುಲ್ಲು ಮೇಲೆ ಸೊಂಪಾಗಿ ಬೆಳೆಯಿತು. ಗೊಬ್ಬರ ಕಾಲ ಬುಡಕ್ಕೇ ಬರುತ್ತಿರುವಾಗ ಬೇರನ್ನು ಏತಕ್ಕೆ ಚಾಚಬೇಕು? ಕೆಳಗೆ ಬೇರು ಕಡಿಮೆಯಾಯಿತು. ನೈಟ್ರೇಟ್ ಸಿಕ್ಕ ಬ್ಯಾಕ್ಟೀರಿಯಾಗಳು ನೆಲದೊಳಗಿನ ಹಳೆಯ ಬೇರು, ಕೊಳೆತ ಎಲೆಯನ್ನೂ ಬೇಗ ಬೇಗ ತಿಂದವು. ಬೇರಿನ ಹೆಣಿಗೆ ಸಡಿಲಗೊಂಡು ಕಾಲುವೆಯ ದಂಡೆಗಳು ಬಿರುಕು ಬಿಟ್ಟು ತುಂಡು ತುಂಡಾಗಿ ನೀರಿಗೆ ಜಾರಿದವು. ಹುಲ್ಲಿದ್ದ ಕಡೆ ಬರೀ ರಾಡಿ ಉಳಿಯಿತು.

ಮೇಲಿನ ಹಸಿರು ನೋಡಿ ಜೌಗು ಚೆನ್ನಾಗಿದೆ ಎನ್ನುವ ಹಾಗಿಲ್ಲ ಎಂಬುದು ಇಲ್ಲಿಯ ಪಾಠ. ನನ್ನ ಉತ್ತರ ಗಟ್ಟಿಯಾಗಿ ಇಲ್ಲ ಎಂದೇ. ಕೊಳಚೆಯನ್ನು ಅಳಿವೆಗೆ ಬರುವ ಮೊದಲೇ, ಕಟ್ಟಿದ ಜೌಗಿನಲ್ಲೋ ಘಟಕದಲ್ಲೋ ತಿಳಿಯಾಗಿಸಿ. ಅಳಿದುಳಿದದ್ದನ್ನು ಅಳಿವೆ ನೋಡಿಕೊಳ್ಳಲಿ.

ಪೂರ್ವ ಕೋಲ್ಕತ್ತದಲ್ಲಿ ನಗರದ ಕೊಳಚೆ ನೇರ ಜೌಗಿಗೇ ಹೋಗುತ್ತದಲ್ಲ?

ಹೋಗುತ್ತದೆ, ಆದರೆ ಬಿಟ್ಟು ಕೈತೊಳೆದುಕೊಳ್ಳುವ ರೀತಿಯಲ್ಲಲ್ಲ. ಸುಮಾರು 12,500 ಹೆಕ್ಟೇರಿನ ಆ ಪ್ರದೇಶ 2002ರಲ್ಲಿ ರಾಮ್ಸರ್ ಪಟ್ಟಿ ಸೇರಿತು. ಅಲ್ಲಿ ಭೇರಿ ಎಂದು ಕರೆಯುವ ಆಳವಿಲ್ಲದ ಮೀನಿನ ಹೊಂಡಗಳಿವೆ. ಎಷ್ಟು ಕೊಳಚೆ, ಯಾವಾಗ, ಎಷ್ಟು ದಿನ ಬಿಸಿಲಿಗೆ ಬಿಟ್ಟ ಮೇಲೆ ಮೀನು ಬಿಡಬೇಕು ಎಂಬುದನ್ನು ನೀರಿನ ಬಣ್ಣ ನೋಡಿಯೇ ಹೇಳಬಲ್ಲ ಮೀನುಗಾರರು ಅದನ್ನು ನಡೆಸುತ್ತಾರೆ. ಬಿಸಿಲಿಗೆ ಪಾಚಿ ಬೆಳೆಯುತ್ತದೆ, ಪಾಚಿ ಆಮ್ಲಜನಕ ಕೊಡುತ್ತದೆ, ಮೀನು ಅದನ್ನು ಮೇಯುತ್ತದೆ. ಈ ವ್ಯವಸ್ಥೆಯ ಬೆಲೆಯನ್ನು ಹೊರಜಗತ್ತಿಗೆ ಮನಗಾಣಿಸಿದವರು ಎಂಜಿನಿಯರ್ ಧ್ರುವಜ್ಯೋತಿ ಘೋಷ್. ಅದನ್ನು ಸಹಜ ಜೌಗು ಎನ್ನುವುದಕ್ಕಿಂತ ತಲೆಮಾರುಗಳಿಂದ ದುಡಿದು ರೂಪಿಸಿದ ಜೌಗು ಎನ್ನುವುದೇ ಸರಿ.

ಉಪ್ಪುನೀರಿನಲ್ಲಿ ಲೆಕ್ಕ ಏನು ಬದಲಾಗುತ್ತದೆ?

ಬಹಳ. ನದಿ ಹೊತ್ತು ತರುವ ಜೇಡಿಯ ಕಣಗಳು ಸಿಹಿನೀರಿನಲ್ಲಿ ಒಂದನ್ನೊಂದು ದೂಡುತ್ತ ತೇಲುತ್ತವೆ. ಉಪ್ಪು ತಾಗಿದ ಕೂಡಲೇ ಒಂದಕ್ಕೊಂದು ಅಂಟಿ, ಗಂಟಾಗಿ, ತಳಕ್ಕಿಳಿಯುತ್ತವೆ. ಆ ಕಣಗಳ ಮೈಗೆ ಅಂಟಿದ ಲೋಹ, ಕೀಟನಾಶಕಗಳೂ ಜೊತೆಯಲ್ಲೇ ಇಳಿಯುತ್ತವೆ. ಅಳಿವೆಯ ಹೂಳಿನಲ್ಲಿ ಇಡೀ ನದೀ ಬಯಲಿನ ಪಾಪದ ಲೆಕ್ಕ ಸಿಗುವುದು ಹಾಗಾಗಿಯೇ.

ಇನ್ನೊಂದು ಗಂಧಕದ್ದು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತದೆ. ಆಮ್ಲಜನಕ ಮುಗಿದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಅದನ್ನೇ ಉಸಿರಾಟಕ್ಕೆ ಬಳಸಿ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಕಾಂಡ್ಲಾ ಕೆಸರಿಗೆ ಕಾಲಿಟ್ಟಾಗ ಮೂಗಿಗೆ ಹೊಡೆಯುವ ಕೊಳೆತ ಮೊಟ್ಟೆಯ ವಾಸನೆ ಅದೇ. ಮಾಲಿನ್ಯ ಎಂದು ದೂರು ಬರೆಯುವ ಮುನ್ನ ಇದು ಗೊತ್ತಿರಲಿ: ಆರೋಗ್ಯವಾಗಿರುವ ಉಪ್ಪುಜೌಗೂ ನಾರುತ್ತದೆ. ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾ ಮೀಥೇನ್ ಮಾಡುವವುಗಳ ಊಟ ಕಸಿದುಕೊಳ್ಳುವುದರಿಂದ ಉಪ್ಪುಜೌಗುಗಳಿಂದ ಮೀಥೇನ್ ಸಾಮಾನ್ಯವಾಗಿ ಕಡಿಮೆ. ಸಿಹಿನೀರಿನ ಜೌಗಿಗೆ ಆ ಅನುಕೂಲವಿಲ್ಲ.

ಪಾದರಸ, ಸೀಸದಂಥ ಲೋಹಗಳನ್ನು ಜೌಗು ನಾಶ ಮಾಡುತ್ತದೆಯೇ?

ಲೋಹವನ್ನು ಯಾರೂ ನಾಶ ಮಾಡಲಾರರು. ಜೌಗು ಅದನ್ನು ಬಚ್ಚಿಡುತ್ತದೆ, ಅಷ್ಟೆ. ಸತು, ಸೀಸ, ತಾಮ್ರ, ಕ್ಯಾಡ್ಮಿಯಂ ಸಲ್ಫೈಡಿನ ಜೊತೆ ಕೂಡಿ ಕರಗದ ಪುಡಿಯಾಗಿ ಕೆಸರಿನಲ್ಲಿ ಕೂರುತ್ತವೆ. ಕೆಸರು ನೀರಿನಡಿ ಇರುವ ತನಕ ಬಂದೋಬಸ್ತಾಗಿಯೇ ಇರುತ್ತವೆ.

ಆ ಕೆಸರನ್ನು ಒಣಗಿಸಿದಿರೋ, ಕಥೆ ತಿರುಗುತ್ತದೆ. ಸಿಗಡಿ ಹೊಂಡಕ್ಕೆಂದು ಕಾಂಡ್ಲಾ ಕಡಿದು ಕೆಸರನ್ನು ಮೇಲೆತ್ತಿ ದಂಡೆ ಕಟ್ಟಿದ ಎಷ್ಟೋ ಕಡೆ ಆದದ್ದು ಇದೇ. ಕೆಸರಿನೊಳಗೆ ಶತಮಾನಗಳಿಂದ ಸೇರಿಕೊಂಡಿದ್ದ ಕಬ್ಬಿಣದ ಸಲ್ಫೈಡಿಗೆ ಗಾಳಿ ತಗಲಿ ಗಂಧಕಾಮ್ಲ ಹುಟ್ಟುತ್ತದೆ. ಮಳೆ ಬಂದಾಗ ಆಮ್ಲ ಹೊಂಡಕ್ಕೆ ಇಳಿಯುತ್ತದೆ, ಜೊತೆಗೆ ಅಲ್ಯೂಮಿನಿಯಂ ಮತ್ತು ಬಚ್ಚಿಟ್ಟ ಲೋಹಗಳೂ ಕರಗಿ ಬರುತ್ತವೆ. ದಂಡೆಯ ಮೇಲೆ ಹಳದಿ ಕಲೆ, ನೀರಿನಲ್ಲಿ ಕೆಂಪು ಬಗ್ಗಡ ಕಂಡರೆ ಇದನ್ನು ಶಂಕಿಸಿ.

ಪಾದರಸದ್ದು ಇನ್ನೂ ತಲೆನೋವು. ಅದೇ ಸಲ್ಫೇಟ್ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಅದನ್ನು ಮೀಥೈಲ್ ಪಾದರಸ ಮಾಡುತ್ತವೆ. ಅದು ಮೀನಿನ ಮೈಯಲ್ಲಿ ಸೇರುತ್ತ, ದೊಡ್ಡ ಮೀನಿಗೆ ಹೋದಂತೆ ಹೆಚ್ಚುತ್ತ ಬರುತ್ತದೆ. ಪಾದರಸ ಬರುವ ನೀರಿಗೆ ಜೌಗು ಮದ್ದಲ್ಲ.

ಎಣ್ಣೆ ಸೋರಿಕೆಯಾದರೆ ಕಾಂಡ್ಲಾಕ್ಕೆ ಏನಾಗುತ್ತದೆ?

ಉಸಿರು ಕಟ್ಟುತ್ತದೆ. ಕೆಸರಿನಿಂದ ಪೆನ್ಸಿಲ್‌ನಂತೆ ಮೇಲೆದ್ದ ಉಸಿರುಬೇರುಗಳ ರಂಧ್ರಕ್ಕೆ ಎಣ್ಣೆ ಮೆತ್ತಿಕೊಂಡರೆ ಕೆಳಗಿನ ಬೇರಿಗೆ ಗಾಳಿಯಿಲ್ಲ. 1986ರಲ್ಲಿ ಪನಾಮದ ಕೆರಿಬಿಯನ್ ತೀರದಲ್ಲಿ ತೈಲ ಸಂಗ್ರಹದ ತೊಟ್ಟಿಯೊಂದು ಒಡೆದಾಗ ಕಾಂಡ್ಲಾ ಸತ್ತದ್ದು ಒಂದು ಕಡೆ, ಕೆಸರಿನೊಳಗೆ ಇಳಿದ ಎಣ್ಣೆ ಹಲವು ವರ್ಷ ಮತ್ತೆ ಮತ್ತೆ ಹೊರಗೆ ಒಸರಿದ್ದು ಇನ್ನೊಂದು ಕಡೆ. ಒಳ್ಳೆಯ ಉದ್ದೇಶದಿಂದ ಗುಂಪಾಗಿ ಹೋಗಿ ಕೆಸರು ತುಳಿಯುವುದು ಬೇಡ. ತುಳಿತಕ್ಕೆ ಎಣ್ಣೆ ಇನ್ನಷ್ಟು ಒಳಗಿಳಿಯುತ್ತದೆ.

ಪ್ಲಾಸ್ಟಿಕ್?

ಬೇರುಗಳ ಬಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಚೂರುಗಳು ಕೆಸರಿಗೆ ಸೇರುತ್ತವೆ. ಕರಗುವುದಿಲ್ಲ.

ಕಟ್ಟಿದ ಜೌಗು ಎಂಬ ಯೋಚನೆ ಎಲ್ಲಿಂದ ಬಂತು?

1950ರ ದಶಕದ ಆರಂಭದಲ್ಲಿ ಜರ್ಮನಿಯ ಪ್ಲೋನ್‌ನಲ್ಲಿದ್ದ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯಲ್ಲಿ ಕೇಟೆ ಝೈಡೆಲ್ ಎಂಬ ಸಸ್ಯವಿಜ್ಞಾನಿ ಜೊಂಡುಗಿಡಗಳನ್ನು ಕೊಳಚೆ ನೀರಿನಲ್ಲಿ ಬೆಳೆಸಿ ನೋಡತೊಡಗಿದರು. ಇಂಥ ಗಿಡಗಳು ಕೊಳಚೆಯಲ್ಲಿ ಬದುಕಲಾರವು ಎಂದು ಆಗಿನ ಎಂಜಿನಿಯರುಗಳು ನಂಬಿದ್ದರು. ಬದುಕಿದವು, ನೀರೂ ತಿಳಿಯಾಯಿತು. ಮುಂದೆ ರೈನ್‌ಹೋಲ್ಡ್ ಕಿಕುತ್ ಅವರ ಬೇರುವಲಯ ಪದ್ಧತಿಯಲ್ಲಿ 1974ರಲ್ಲಿ ಓಟ್‌ಫ್ರೇಜನ್ ಎಂಬ ಊರಿನ ಕೊಳಚೆಗೆ ಪೂರ್ಣ ಪ್ರಮಾಣದ ಹಾಸು ಶುರುವಾಯಿತು. ಝೈಡೆಲ್ ಜಲ್ಲಿ ಮರಳು ಬಳಸಿದರೆ ಕಿಕುತ್ ಜೇಡಿ ಸೇರಿದ ಮಣ್ಣನ್ನು ಆರಿಸಿಕೊಂಡಿದ್ದರು, ಬೇರು ಇಳಿದಂತೆ ಮಣ್ಣು ತಾನೇ ಸಡಿಲವಾಗುತ್ತದೆ ಎಂಬ ಎಣಿಕೆಯಲ್ಲಿ. ಹಾಗಾಗಲಿಲ್ಲ, ಅಂಥ ಹಾಸುಗಳಲ್ಲಿ ನೀರು ಮೇಲೆ ಮೇಲೆ ಹರಿದುಹೋಯಿತು. ಈಗಲೂ ಜಲ್ಲಿ ದುಬಾರಿ ಎಂದು ಹೊಲದ ಮಣ್ಣು ತುಂಬುವವರು ಅದೇ ಪಾಠವನ್ನು ಸ್ವಂತ ಖರ್ಚಿನಲ್ಲಿ ಕಲಿಯುತ್ತಿದ್ದಾರೆ.

ಎಷ್ಟು ಬಗೆ? ಯಾವುದು ಒಳ್ಳೆಯದು?

ಮುಖ್ಯವಾಗಿ ಮೂರು. ಕೊಳದಂತೆ ನೀರು ಮೇಲೆ ಕಾಣುವ ತೆರೆದ ಜೌಗು: ಇದಕ್ಕೆ ಜಾಗ ಹೆಚ್ಚು ಬೇಕು, ಒಮ್ಮೆ ಶುದ್ಧವಾದ ನೀರನ್ನು ಇನ್ನಷ್ಟು ತಿಳಿಯಾಗಿಸಲು ಚೆನ್ನ. ಕ್ಯಾಲಿಫೋರ್ನಿಯದ ಹಂಬೋಲ್ಟ್ ಕೊಲ್ಲಿಯ ದಡದಲ್ಲಿ ಆರ್ಕೇಟಾ ಪಟ್ಟಣದವರು 1980ರ ದಶಕದಲ್ಲಿ ಕಟ್ಟಿದ್ದು ಇಂಥದ್ದೇ. ಅದೀಗ ಹಕ್ಕಿ ನೋಡುವವರ ತಾಣವೂ ಹೌದು. ಎರಡನೆಯದು ಅಡ್ಡ ಹರಿವಿನ ಹಾಸು. ಸುಮಾರು 60 ಸೆಂಟಿಮೀಟರ್ ಆಳದ ಜಲ್ಲಿಯೊಳಗೆ ನೀರು ಒಂದು ತುದಿಯಿಂದ ಇನ್ನೊಂದಕ್ಕೆ ನಿಧಾನ ಸಾಗುತ್ತದೆ, ಮೇಲೆ ಕಾಣುವುದಿಲ್ಲ. ನೈಟ್ರೇಟ್ ತೆಗೆಯಲು ಗಟ್ಟಿಗ, ಅಮೋನಿಯಂಗೆ ಸೋಲುತ್ತದೆ. ಮೂರನೆಯದು ಲಂಬ ಹರಿವಿನದು. ದಿನಕ್ಕೆ ಹಲವು ಸಲ ಮೇಲಿನಿಂದ ನೀರು ಸುರಿದು ಪೂರ್ತಿ ಬಸಿಯಲು ಬಿಡುತ್ತಾರೆ. ನೀರು ಇಳಿದಾಗ ಹಿಂದಿನಿಂದ ಗಾಳಿ ಒಳನುಗ್ಗುತ್ತದೆ, ಅಮೋನಿಯಂ ಕೆಲಸ ಆಗುತ್ತದೆ.

ಉಬ್ಬರ ಇಳಿತವನ್ನು ನಕಲು ಮಾಡಿ ಹಾಸನ್ನು ತುಂಬಿಸುತ್ತ ಖಾಲಿ ಮಾಡುತ್ತ ನಡೆಸುವ ವಿಧಾನವೂ ಇದೆ. ಕಡಲು ದಿನಕ್ಕೆರಡು ಸಲ ಪುಕ್ಕಟೆಯಾಗಿ ಮಾಡುವುದನ್ನು ನಾವು ಪಂಪು ಇಟ್ಟು ಮಾಡುತ್ತೇವೆ.

ಒಂದು ಮನೆಗೆ ಎಷ್ಟು ಜಾಗ ಬೇಕು?

ಅಡ್ಡ ಹರಿವಿಗೆ ತಲೆಗೆ ಸುಮಾರು 5 ಚದರ ಮೀಟರ್, ಲಂಬ ಹರಿವಿಗೆ 2ರಿಂದ 4 ಎಂದು ಯೂರೋಪಿನಲ್ಲಿ ರೂಢಿ. ಬೆಚ್ಚಗಿನ ಹವೆಯಲ್ಲಿ ಇನ್ನೂ ಸ್ವಲ್ಪ ಕಡಿಮೆ ಸಾಕು, ಬ್ಯಾಕ್ಟೀರಿಯಾ ಚುರುಕಾಗಿರುತ್ತದೆ.

ಒಂದು ಲೆಕ್ಕ ಹಾಕೋಣ. ಐದು ಜನ, ತಲೆಗೆ 100 ಲೀಟರ್, ದಿನಕ್ಕೆ 500 ಲೀಟರ್ ಕೊಳಚೆ. ಹಾಸು 10 ಮೀಟರ್ ಉದ್ದ, 2.5 ಮೀಟರ್ ಅಗಲ, ನೀರಿನ ಆಳ 0.6 ಮೀಟರ್: ಒಟ್ಟು 15 ಘನ ಮೀಟರ್. ಅದರಲ್ಲಿ ಜಲ್ಲಿಯೇ ಹೆಚ್ಚು, ಸಂದುಗಳು ಶೇಕಡ 40 ಎಂದುಕೊಂಡರೆ ನೀರು ಹಿಡಿಯುವುದು 6 ಘನ ಮೀಟರ್. ದಿನಕ್ಕೆ ಅರ್ಧ ಘನ ಮೀಟರ್ ಬರುವುದರಿಂದ ನೀರು ಒಳಗೆ ಇರುವುದು 12 ದಿನ. ಧಾರಾಳವಾಯಿತು. ಆದರೆ ಮದುವೆಗೆಂದು ಐವತ್ತು ಜನ ಬಂದು ಮೂರು ದಿನ ಉಳಿದರೆ ಅದೇ ಹಾಸಿನಲ್ಲಿ ನೀರು ನಿಲ್ಲುವುದು ಒಂದು ದಿನ ಚಿಲ್ಲರೆ. ಹೆಚ್ಚಿನ ದಿನಕ್ಕೂ ಲೆಕ್ಕ ಹಾಕಿ.

ನೀರು ಹಾಸು ಸೇರುವ ಮೊದಲು ಸೆಪ್ಟಿಕ್ ಟ್ಯಾಂಕ್ ಬೇಕೇ ಬೇಕೇ?

ಬೇಕು. ಫ್ರಾನ್ಸಿನಲ್ಲಿ ಹಸಿ ಕೊಳಚೆಯನ್ನೇ ಲಂಬ ಹಾಸಿಗೆ ಸುರಿಯುವ ಪದ್ಧತಿ ಚೆನ್ನಾಗಿ ನಡೆಯುತ್ತಿದೆ, ಆದರೆ ಅದರ ವಿನ್ಯಾಸವೇ ಬೇರೆ, ಹಾಸುಗಳಿಗೆ ಸರದಿಯಲ್ಲಿ ವಿಶ್ರಾಂತಿ ಕೊಡುತ್ತಾರೆ. ಮಿಕ್ಕವರಿಗೆ ಗಷ್ಟು ಮೊದಲೇ ತಳ ಸೇರಬೇಕು.

ನಾನು ನೋಡಿದ ಒಂದು ಹಾಸಿನಲ್ಲಿ ಒಳಬರುವ ತುದಿಯ ಜಲ್ಲಿಯನ್ನು ಗುದ್ದಲಿಯಿಂದ ಕೆದಕಿದರೆ ಮೊದಲ ಎರಡು ಅಡಿ ಉದ್ದಕ್ಕೆ ಸಂದೇ ಇರಲಿಲ್ಲ. ಕರಿ ಬೆಣ್ಣೆಯಂಥ ಲೋಳೆ, ನಡುನಡುವೆ ಅಡುಗೆ ಜಿಡ್ಡಿನ ಬಿಳಿ ಹೆಪ್ಪು, ಒಂದೆರಡು ಶಾಂಪೂ ಚೀಟಿ. ನೀರು ಅಲ್ಲಿಗೆ ಬಂದು ಮೇಲಕ್ಕೆದ್ದು ಜಲ್ಲಿಯ ಮೇಲಿನಿಂದ ನೇರ ಹೊರತುದಿಗೆ ಹೋಗುತ್ತಿತ್ತು. ಹಿಂದಿನ ಎಂಟು ಮೀಟರ್ ಜಲ್ಲಿ ಹೊಸದರಂತೆ ಸ್ವಚ್ಛ, ನೀರೇ ಕಂಡಿರಲಿಲ್ಲ. ಟ್ಯಾಂಕ್ ಇತ್ತು, ಆದರೆ ಕಟ್ಟಿದ ಮೇಲೆ ಒಮ್ಮೆಯೂ ಗಷ್ಟು ತೆಗೆಸಿರಲಿಲ್ಲ.

ಯಾವ ಗಿಡ ನೆಡಲಿ?

ಸುತ್ತಮುತ್ತಲ ಚರಂಡಿಯ ಪಕ್ಕದಲ್ಲಿ ತಾನಾಗಿ ಬೆಳೆದು ನಿಂತದ್ದೇನೋ ಅದನ್ನು. ಫ್ರಾಗ್ಮೈಟಿಸ್ ಜಾತಿಯ ಜೊಂಡು, ಟೈಫಾ, ಕ್ಯಾನಾ ಎಲ್ಲ ಆಗುತ್ತವೆ. ಸ್ವಲ್ಪ ಉಪ್ಪು ಬೆರೆತ ನೀರನ್ನು ಜೊಂಡು ತಾಳುತ್ತದೆ, ಕ್ಯಾನಾ ಅಷ್ಟು ತಾಳುವುದಿಲ್ಲ. ಹೊರದೇಶದ ತಳಿ ತರಿಸಿ ನೆಡುವುದು ಬೇಡ. ಯೂರೋಪಿನ ಜೊಂಡಿನ ತಳಿ ಉತ್ತರ ಅಮೆರಿಕದ ತೀರದ ಜೌಗುಗಳನ್ನು ಹೇಗೆ ಆವರಿಸಿದೆ ಎಂಬುದು ಗೊತ್ತಿರುವ ವಿಷಯ. ಅಂತರಗಂಗೆಯ ಹೆಸರಂತೂ ಎತ್ತಬೇಡಿ.

ಗಿಡ ಕತ್ತರಿಸಿ ತೆಗೆದರೆ ಕೊಳೆ ಹೊರಹೋದಂತೆ ಅಲ್ಲವೇ?

ಹೋಗುತ್ತದೆ, ಆದರೆ ಮನೆಕೊಳಚೆಯ ಸಾರಜನಕದಲ್ಲಿ ಕತ್ತರಿಸಿದ ಸೊಪ್ಪಿನ ಮೂಲಕ ಹೋಗುವುದು ಸಾಮಾನ್ಯವಾಗಿ ಚಿಕ್ಕ ಪಾಲು. ಅಂದಕ್ಕಾಗಿ, ಹೊಸ ಚಿಗುರಿಗಾಗಿ ಕತ್ತರಿಸಿ.

ಸೊಳ್ಳೆ ಕಾಟ?

ನೀರು ಜಲ್ಲಿಯೊಳಗೇ ಇದ್ದರೆ ಸೊಳ್ಳೆಗೆ ಮೊಟ್ಟೆಯಿಡಲು ಜಾಗವಿಲ್ಲ. ಸೊಳ್ಳೆ ಬಂತೆಂದರೆ ಹಾಸು ಕಟ್ಟಿಕೊಂಡು ನೀರು ಮೇಲೆ ನಿಂತಿದೆ ಎಂದೇ ಅರ್ಥ. ತೆರೆದ ಜೌಗಿನಲ್ಲಿ ಸ್ಥಳೀಯ ಮೀನು ಬಿಡಿ, ದಡ ಕಡಿದಾಗಿರಲಿ.

ಹೊರಬಂದ ನೀರು ಕನ್ನಡಿಯಂತಿದೆ. ಕುಡಿಯಬಹುದೇ?

ಬೇಡ. ಅಡ್ಡ ಹರಿವಿನ ಹಾಸು ಕೊಳಚೆಯ ಬ್ಯಾಕ್ಟೀರಿಯಾಗಳಲ್ಲಿ ನೂರಕ್ಕೆ ತೊಂಬತ್ತರಿಂದ ತೊಂಬತ್ತೊಂಬತ್ತನ್ನು ಕಳೆಯುತ್ತದೆ. ದೊಡ್ಡ ಸಂಖ್ಯೆ ಅನಿಸುತ್ತದೆ. ಆದರೆ ಕೊಳಚೆಯ ಪ್ರತಿ 100 ಮಿಲಿಲೀಟರಿನಲ್ಲಿ ಲಕ್ಷ ಲಕ್ಷ ಇರುವಾಗ ಉಳಿದ ಒಂದು ಪಾಲೂ ಸಾವಿರಗಟ್ಟಲೆ. ಮರಗಿಡಗಳ ಬುಡಕ್ಕೆ ಬಿಡಿ. ಹಸಿಯಾಗಿ ತಿನ್ನುವ ಸೊಪ್ಪಿಗೆ ಸೋಂಕು ತೆಗೆಯದೆ ಬಿಡಬೇಡಿ.

ಕಾರ್ಖಾನೆಯ ನೀರಿಗೆ, ಹೊಲದಿಂದ ಬಸಿಯುವ ನೀರಿಗೆ ಆಗುತ್ತದೆಯೇ?

ಏನಿದೆ ಎಂದು ಗೊತ್ತಾಗದೆ ಹೇಳಲಾಗದು. ಕ್ಯಾಲಿಫೋರ್ನಿಯದ ಕೆಸ್ಟರ್ಸನ್ ಜಲಾಶಯದ ಕಥೆ ನೆನಪಿರಲಿ. ಹೊಲಗಳ ಬಸಿನೀರನ್ನು ಅಲ್ಲಿನ ಹೊಂಡಗಳಿಗೆ ಬಿಟ್ಟರು, ಹಕ್ಕಿಗಳಿಗೂ ಆಯಿತು ಎಂದುಕೊಂಡರು. ಮಣ್ಣಿನಿಂದ ತೊಳೆದುಬಂದ ಸೆಲೆನಿಯಂ ನೀರು ಆವಿಯಾದಂತೆಲ್ಲ ಗಟ್ಟಿಯಾಗುತ್ತ ಹುಳು, ಮೀನು, ಹಕ್ಕಿಯ ಮೊಟ್ಟೆಯವರೆಗೂ ಏರಿತು. 1983ರಲ್ಲಿ ಕಣ್ಣಿಲ್ಲದ, ಕೊಕ್ಕು ಸೊಟ್ಟಗಾದ ಮರಿಗಳು ಕಂಡವು. ಮುಂದೆ ಹೊಂಡಗಳನ್ನೇ ಮುಚ್ಚಬೇಕಾಯಿತು. ಹಕ್ಕಿ ಬರುವುದು ಜೌಗು ಸುರಕ್ಷಿತ ಎಂಬುದಕ್ಕೆ ಸರ್ಟಿಫಿಕೇಟ್ ಅಲ್ಲ.

ತೀರದ ಹತ್ತಿರ ಕಟ್ಟುವಾಗ ವಿಶೇಷವಾಗಿ ನೋಡಬೇಕಾದ್ದೇನು?

ಅಂತರ್ಜಲ. ಮಳೆಗಾಲದಲ್ಲಿ ಎರಡು ಅಡಿ ಕೆಳಗೇ ನೀರಿದ್ದರೆ, ಖಾಲಿ ಇರುವ ಹಾಸಿನಡಿಯ ಪ್ಲಾಸ್ಟಿಕ್ ಹೊದಿಕೆ ಬಲೂನಿನಂತೆ ಮೇಲೇಳುತ್ತದೆ. ಅಂಥ ಕಡೆ ಹಾಸನ್ನು ನೆಲದಿಂದ ಎತ್ತರಿಸಿ ಕಟ್ಟಿ. ಹೊರಬಾಯಿಗೆ ಹಿಮ್ಮುಖ ತಡೆಯುವ ಕವಾಟ ಇಡದಿದ್ದರೆ ದೊಡ್ಡ ಉಬ್ಬರದ ದಿನ ಉಪ್ಪುನೀರು ಒಳಬಂದು ಸಿಹಿನೀರಿಗೆ ಒಗ್ಗಿದ ಬ್ಯಾಕ್ಟೀರಿಯಾ, ಗಿಡ ಎರಡಕ್ಕೂ ಪೆಟ್ಟು ಕೊಡುತ್ತದೆ. ಇನ್ನೊಂದು, ಅಳಿವೆಯ ಜೌಗಿನ ಬೆನ್ನಿಗೇ ಒತ್ತಿ ಗೋಡೆ ಕಟ್ಟಬೇಡಿ. ಕಡಲಮಟ್ಟ ಏರಿದಂತೆ ಆ ಜೌಗು ಒಳನಾಡಿನತ್ತ ಸರಿಯಬೇಕು. ಹಿಂದೆ ಗೋಡೆ, ಮುಂದೆ ಕಡಲು ಎಂದಾದರೆ ಅದಕ್ಕೆ ಹೋಗಲು ದಾರಿಯೇ ಇರುವುದಿಲ್ಲ.

ಹಾಸು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಮನೆಯಲ್ಲೇ ತಿಳಿಯುವುದು ಹೇಗೆ?

ಒಳಬರುವ ನೀರು ಒಂದು ಗಾಜಿನ ಬಾಟಲಿಯಲ್ಲಿ, ಹೊರಬರುವ ನೀರು ಇನ್ನೊಂದರಲ್ಲಿ ಹಿಡಿದು ಮುಚ್ಚಳ ಹಾಕಿ ಮೂರು ದಿನ ನೆರಳಿನಲ್ಲಿಡಿ. ಹೊರನೀರಿನ ಬಾಟಲಿ ತೆರೆದಾಗ ಮಣ್ಣಿನ ವಾಸನೆ ಬಂದರೆ ಒಳ್ಳೆಯದು, ಕೊಳೆತ ಮೊಟ್ಟೆಯದು ಬಂದರೆ ಕೊಳೆ ಇನ್ನೂ ಉಳಿದಿದೆ. ಇದು ಮೂಗಿನ ಅಂದಾಜು, ಪ್ರಯೋಗಾಲಯಕ್ಕೆ ಬದಲಿಯಲ್ಲ. ಒಳಬರುವ ತುದಿಯಲ್ಲಿ ತೂತು ಕೊರೆದ ಪೈಪೊಂದನ್ನು ನೆಟ್ಟಗೆ ಹುಗಿದಿಟ್ಟರೆ ನೀರಿನ ಮಟ್ಟ ತಿಂಗಳಿಗೊಮ್ಮೆ ಕಡ್ಡಿ ಇಳಿಬಿಟ್ಟು ಅಳೆಯಬಹುದು. ಮಟ್ಟ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಜಲ್ಲಿ ಕಟ್ಟಿಕೊಳ್ಳುತ್ತಿದೆ. ಗುದ್ದಲಿ ಹಿಡಿಯುವ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಗಷ್ಟು ಎಲ್ಲಿವರೆಗೆ ಬಂದಿದೆ ನೋಡಿ.